ಹಳೆಯ ಪೆಟ್ಟಿಗೆ, ಹೊಸ ಬಿಡಿಭಾಗ: ನಿಷ್ಠೆ ಯಾರಿಗೆ?

ಕೆಟ್ಟುಹೋದುದನ್ನು ಎಸೆಯುವುದಕ್ಕಿಂತ ಸರಿಪಡಿಸುವುದು ಒಳ್ಳೆಯದು ಎಂಬ ಮಾತನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಆದರೆ ಸರಿಪಡಿಸುವ ಕೆಲಸದಲ್ಲಿಯೂ ಸರಿ-ತಪ್ಪುಗಳಿವೆ ಎಂಬುದರ ಕಡೆಗೆ ಗಮನ ಹೋಗುವುದು ಕಡಿಮೆ. ಹಳೆಯ ಧ್ವನಿವರ್ಧಕಗಳನ್ನು ಬಿಡುವಿನ ವೇಳೆಯಲ್ಲಿ ದುರಸ್ತಿ ಮಾಡುವ ನಮ್ಮಂತಹ ಹವ್ಯಾಸಿಗಳ ಮುಂದೆ ಈ ಪ್ರಶ್ನೆ ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಒಂದು ವಸ್ತುವಿನಲ್ಲಿ ಎಷ್ಟನ್ನು ಬದಲಾಯಿಸಿದ ಮೇಲೂ ಅದನ್ನು ಅದೇ ವಸ್ತು ಎನ್ನಬಹುದು? ಬದಲಾಯಿಸಿದ್ದನ್ನು ಹೇಳದೆ ಬಿಟ್ಟರೆ ಅದು ಸುಳ್ಳಾಗುವುದಿಲ್ಲವೇ?

ಉದಾಹರಣೆಗೆ ಎಆರ್-3 ಎಂಬ ಧ್ವನಿವರ್ಧಕವನ್ನೇ ತೆಗೆದುಕೊಳ್ಳೋಣ. 1954ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪೆನಿ ಆರಂಭಿಸಿದರು. ಗಂಭೀರವಾದ ಕೆಳಸ್ವರಗಳು ಕೇಳಬೇಕಾದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂದು ಜನರು ನಂಬಿದ್ದ ಕಾಲವದು. ವಿಲ್ಚರ್ ಸಣ್ಣ ಪೆಟ್ಟಿಗೆಯನ್ನು ಗಾಳಿ ಹೊರಹೋಗದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿದರು. 1958ರಲ್ಲಿ ಬಂದ ಎಆರ್-3ರಲ್ಲಿ ಮೇಲಿನ ಸ್ವರಗಳಿಗಾಗಿ ಪುಟ್ಟ ಗುಮ್ಮಟದಾಕಾರದ ಸ್ಪೀಕರುಗಳನ್ನು ಅಳವಡಿಸಲಾಯಿತು. ಇದರ ಒಂದು ಪ್ರತಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹವನ್ನೂ ಸೇರಿದೆ.

ಆದರೆ ವಸ್ತುಗಳಿಗೂ ಮುಪ್ಪು ಇದೆ. ದೊಡ್ಡ ಕೋನಿನ ಸುತ್ತಲಿನ ಬಟ್ಟೆಯ ಅಂಚಿಗೆ ಬಳಿದ ಲೇಪ ಒಣಗಿ ಗಾಳಿ ಸೋರತೊಡಗುತ್ತದೆ. ಗಾಳಿಯೇ ಸ್ಪ್ರಿಂಗಾಗಿರುವ ಪೆಟ್ಟಿಗೆಯಲ್ಲಿ ಗಾಳಿ ಸೋರಿದರೆ ಉಳಿಯುವುದೇನು? ಹಿಂಬದಿಯ ತಿರುಗುಗುಂಡಿಗಳು ಒಳಗೇ ಕಿಲುಬು ಹಿಡಿದು ಮೇಲಿನ ಸ್ವರಗಳು ಮಾಯವಾಗುತ್ತವೆ. ಕಪಾಸಿಟರುಗಳು ಮೂಲ ಅಳತೆಯಿಂದ ದೂರ ಸರಿಯುತ್ತವೆ. ಮುಂದಿನ ದಶಕಗಳಲ್ಲಿ ಬಂದ ಅನೇಕ ಸ್ಪೀಕರುಗಳ ಫೋಮಿನ ಅಂಚಂತೂ ಹತ್ತಿಪ್ಪತ್ತು ವರ್ಷಗಳಲ್ಲಿ ಪುಡಿಯಾಗಿ ಕೈಗೆ ಅಂಟುತ್ತದೆ.

ಇಲ್ಲಿ ಹವ್ಯಾಸಿಗಳು ಎರಡು ಪಕ್ಷವಾಗುತ್ತಾರೆ. ಒಂದು ತಿರುಪನ್ನೂ ಬದಲಾಯಿಸಬಾರದು, ಮೂಲ ಮೂಲವಾಗಿಯೇ ಇರಬೇಕು ಎಂಬುದು ಮೊದಲ ಪಕ್ಷ. ಮೂಗನಾಗಿ ಕುಳಿತ ಪೆಟ್ಟಿಗೆ ಎಂತಹ ಮೂಲ, ಹಾಡಿದರಷ್ಟೇ ಅದು ಧ್ವನಿವರ್ಧಕ ಎಂಬುದು ಎರಡನೆಯ ಪಕ್ಷ.

ವಿಲ್ಚರ್ ಅವರ ಉದ್ದೇಶವನ್ನು ನೋಡಿದರೆ ಎರಡನೆಯ ಪಕ್ಷಕ್ಕೆ ಬಲ ಬರುತ್ತದೆ. ಅವರ ಕಂಪೆನಿಯು ಸಾರ್ವಜನಿಕ ಪ್ರಯೋಗಗಳನ್ನು ನಡೆಸುತ್ತಿತ್ತು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ತಂತಿವಾದ್ಯಗಾರರ ತಂಡ ವೇದಿಕೆಯಲ್ಲಿ ನುಡಿಸುತ್ತಾ, ನಡುವೆ ಬರಿಯ ಅಭಿನಯಕ್ಕೆ ಇಳಿಯುತ್ತಿತ್ತು. ಆಗ ಮೊದಲೇ ಮುದ್ರಿಸಿಟ್ಟ ನಾದ ಧ್ವನಿವರ್ಧಕದಿಂದ ಹೊರಡುತ್ತಿತ್ತು. ಬದಲಾವಣೆ ಯಾವಾಗ ಆಯಿತೆಂದು ಅನೇಕ ಕೇಳುಗರಿಗೆ ತಿಳಿಯುತ್ತಿರಲಿಲ್ಲ. ಅಂದರೆ ಆ ಪೆಟ್ಟಿಗೆಯ ಮೌಲ್ಯ ಅದರ ಮರದಲ್ಲೋ ತಂತಿಯಲ್ಲೋ ಇರಲಿಲ್ಲ. ವಾದ್ಯದ ಬಗ್ಗೆ ಅದು ನುಡಿಯುವ ನಿಜದಲ್ಲಿತ್ತು. ಸತ್ತ ಕಪಾಸಿಟರನ್ನು ಪೂಜ್ಯವೆಂದು ಉಳಿಸಿಕೊಂಡು ಆ ನಿಜವನ್ನು ಕೆಡಿಸುವುದು ನಿಷ್ಠೆಯಾಗಲಾರದು.

ಆದರೆ ಸರಿಯಾದ ಧ್ವನಿ ಯಾವುದೆಂದು ತೀರ್ಮಾನಿಸುವವರು ಯಾರು? ನಮ್ಮ ಕಿವಿ ತಾನೇ? ಆ ಕಿವಿಗೂ ವಯಸ್ಸಾಗುತ್ತದೆ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ಅತಿ ಮೇಲಿನ ಸ್ವರಗಳನ್ನು ಕೇಳುವ ಶಕ್ತಿ. ಐವತ್ತು ದಾಟಿದ ನಾವು ‘ಸ್ವಲ್ಪ ಮಂಕಾಗಿದೆ’ ಎಂದು ಪೆಟ್ಟಿಗೆಯನ್ನು ತಿದ್ದುವಾಗ, ಮಂಕಾಗಿರುವುದು ಪೆಟ್ಟಿಗೆಯೋ ನಾವೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಆದ್ದರಿಂದ ಕಿವಿಯ ಜತೆಗೆ ಮೈಕ್ರೊಫೋನು, ಮೀಟರುಗಳ ಸಾಕ್ಷ್ಯವೂ ಬೇಕು. ನಮ್ಮ ಕೊರತೆಯನ್ನು ಇನ್ನೊಂದರ ದೋಷವೆಂದು ಎಣಿಸುವ ಚಾಳಿ ದುರಸ್ತಿಯ ಮೇಜಿಗಷ್ಟೇ ಸೀಮಿತವಾದುದಲ್ಲ. ಹಿರಿಯರನ್ನು, ಕಿರಿಯರನ್ನು, ನೆರೆಯವರನ್ನು ತಿದ್ದಲು ಹೊರಟಾಗಲೂ ಅದು ನಮ್ಮ ಬೆನ್ನಿಗಿರುತ್ತದೆ.

ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಇಲ್ಲಿ ದಾರಿ ತೋರಬಲ್ಲುದು. ಊಹೆ ಎಲ್ಲಿ ಆರಂಭವಾಗುವುದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಅದರ ಒಂದು ನಿಯಮ. ಹೊಸದಾಗಿ ಸೇರಿಸಿದ ಭಾಗ ಒಟ್ಟು ರೂಪಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು ಎಂಬುದು ಇನ್ನೊಂದು. ಹೊಂದಿಕೆಯೂ ಬೇಕು, ಪ್ರಾಮಾಣಿಕತೆಯೂ ಬೇಕು.

ಈ ಹವ್ಯಾಸದಲ್ಲಿ ಹಳೆಯ ಕಪಾಸಿಟರಿನ ಹೊರಕವಚದೊಳಗೆ ಹೊಸದನ್ನು ಅಡಗಿಸಿಡುವ ಪದ್ಧತಿಯೊಂದಿದೆ. ನೋಡಲು ಎಲ್ಲವೂ ಮೊದಲಿನಂತೆಯೇ ಇರುತ್ತದೆ. ಕೈಚಳಕ ಮೆಚ್ಚುವಂತಹುದೇ. ಅದು ಮೋಸವಾಗುವುದು ಪೆಟ್ಟಿಗೆ ಕೈಬದಲಾಗುವಾಗ, ‘ಎಲ್ಲವೂ ಒರಿಜಿನಲ್’ ಎಂಬ ಒಂದು ಮಾತಿನಿಂದ ಬೆಲೆ ಏರುವಾಗ. ಕೆಲವರು ಆ ಮಾತನ್ನು ಹೇಳುವುದೂ ಇಲ್ಲ. ಕೊಳ್ಳುವವರು ಹಾಗೆಂದುಕೊಂಡಾಗ ಸುಮ್ಮನಿರುತ್ತಾರೆ. ಇನ್ನೊಬ್ಬರ ತಪ್ಪುಕಲ್ಪನೆಯಿಂದ ಲಾಭವಾಗುವಾಗ ತೋರುವ ಮೌನ ಸುಳ್ಳಿನ ಸಾಲಿಗೇ ಸೇರುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಏನನ್ನು ತೆಗೆದೆವು, ಏನನ್ನು ಹಾಕಿದೆವು, ಅಳತೆ ಎಷ್ಟಿತ್ತು, ಯಾವ ದಿನ ಎಂದು ಒಂದು ಚೀಟಿ ಬರೆದು ಪೆಟ್ಟಿಗೆಯ ಒಳಗೆ ಅಂಟಿಸಿದರಾಯಿತು. ತೆಗೆದ ಭಾಗಗಳನ್ನು ಸಣ್ಣ ಚೀಲದಲ್ಲಿ ಜತೆಗೇ ಇಟ್ಟರೆ ಇನ್ನೂ ಒಳ್ಳೆಯದು. ಮುಂದೆ ಅದನ್ನು ಬಿಚ್ಚುವವರು ನಮಗಿಂತ ಹೆಚ್ಚು ತಿಳಿದವರಾಗಿರಬಹುದು. ನಾವು ಮಾಡಿದ್ದನ್ನು ಒಪ್ಪದಿರುವ ಅವಕಾಶವನ್ನು ಅವರಿಗೆ ಉಳಿಸುವುದೂ ನಮ್ಮ ಕರ್ತವ್ಯ.

1967ರಲ್ಲಿ ಕಂಪೆನಿಯನ್ನು ಮಾರಿದ ವಿಲ್ಚರ್, ಮುಂದೆ ಕಿವಿ ಮಂದವಾದವರ ಶ್ರವಣ ಸಾಧನಗಳ ಸಂಶೋಧನೆಗೆ ತೊಡಗಿದರು. ಕಂಡುಕೊಂಡದ್ದನ್ನು ಹಕ್ಕಿನ ಬೇಲಿಯೊಳಗೆ ಇಡದೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. 2011ರಲ್ಲಿ ಅವರು ತೀರಿಕೊಂಡರು. ಅವರ ಪೆಟ್ಟಿಗೆಗಳು ಈಗಲೂ ಕೈಯಿಂದ ಕೈಗೆ ಸಾಗುತ್ತಿವೆ. ನಮ್ಮ ಕೈಯಲ್ಲಿ ಅವು ಇರುವುದು ಕೆಲವೇ ವರ್ಷ. ಅಷ್ಟರಲ್ಲಿ ಅವು ಚೆನ್ನಾಗಿ ಹಾಡಲಿ, ತಮ್ಮ ಬಗ್ಗೆ ನಿಜವನ್ನೇ ಹೇಳಲಿ.