‘ನಿಸ್ಸಂತಾನ’ ಎಂದು ಬರೆಯುವ ಮುನ್ನ

ಊರಿನಲ್ಲೇ ಉಳಿದವರಿಗೆ ವಂಶಾವಳಿಯ ಚಿಂತೆ ಕಡಿಮೆ. ‘ನೀನು ಇಂಥವರ ಮೊಮ್ಮಗನಲ್ಲವೇ’ ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ತಾವಾಗಿಯೇ ಹೇಳಿಬಿಡುತ್ತಾರೆ. ಊರು ಬಿಟ್ಟು ಹೈದರಾಬಾದಿಗೆ ಬಂದು, ಕಾಚಿಗುಡದಲ್ಲೋ ಮಲಕಪೇಟೆಯಲ್ಲೋ ಬಾಡಿಗೆ ಮನೆ ಹಿಡಿದ ನಮ್ಮಂಥವರಿಗೆ ಆ ಸೌಕರ್ಯವಿಲ್ಲ. ನೆರೆಯವರಿಗೆ ನಾವು ಬರಿಯ ‘ಕನ್ನಡದವರು’. ಕಚೇರಿಯ ಸರ್ವಿಸ್ ಬುಕ್ಕಿನ ಮೊದಲ ಪುಟದಲ್ಲಿ ತಂದೆಯ ಹೆಸರು, ಹುಟ್ಟಿದ ತಾರೀಖು, ಸ್ವಂತ ಊರು. ಅಲ್ಲಿಗೆ ನಮ್ಮ ಚರಿತ್ರೆ ಮುಗಿಯಿತು. ಆದ್ದರಿಂದಲೇ ಮಕ್ಕಳು ದೊಡ್ಡವರಾಗುತ್ತಿದ್ದಂತೆ ಮನೆತನದ ವಂಶವೃಕ್ಷವೊಂದನ್ನು ಬರೆದಿಡಬೇಕೆಂಬ ಹಂಬಲ ನಮ್ಮಲ್ಲಿ ಅನೇಕರಿಗೆ ಹುಟ್ಟುತ್ತದೆ. ಹಂಬಲವೇನೋ ಒಳ್ಳೆಯದೇ. ಆದರೆ ಹೀಗೆ ಬರೆಯುವಾಗ ನಾವು ಯಾರಿಗೆ ಋಣಿಗಳು, ಮನೆತನದ ಮರ್ಯಾದೆಗೋ ಸತ್ಯಕ್ಕೋ, ಎಂಬುದನ್ನು ಕೊಂಚ ಯೋಚಿಸಬೇಕಾಗಿದೆ.

ಅಮೆರಿಕದಲ್ಲಿ ಈ ಕೆಲಸವನ್ನು ಕಲಿಸಲೆಂದೇ ವಾರವಿಡೀ ನಡೆಯುವ ಶಿಬಿರಗಳಿವೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಕಾಗದಗಳನ್ನು ಬಳಸಲು ಕಲಿಸುವ ಶಿಬಿರ 1950ರಲ್ಲೇ ಆರಂಭವಾಯಿತು; ಸಾಲ್ಟ್ ಲೇಕ್ ನಗರದ್ದು 1996ರಲ್ಲಿ. ತನ್ನ ಅಜ್ಜನನ್ನು ತಿಳಿಯಲು ಒಂದು ವಾರದ ಪಾಠವೇ ಎಂದು ನಮಗೆ ನಗು ಬಂದೀತು. ಆದರೆ ಅಲ್ಲಿಯ ವಂಶಶೋಧಕರು ಒಪ್ಪಿಕೊಂಡಿರುವ ಐದು ನಿಯಮಗಳನ್ನು ನೋಡಿದರೆ ನಗು ನಿಲ್ಲುತ್ತದೆ. ಸಾಧ್ಯವಿದ್ದ ಕಡೆಯೆಲ್ಲ ಹುಡುಕಬೇಕು. ಯಾವ ಸಂಗತಿ ಎಲ್ಲಿಂದ ದೊರೆಯಿತೆಂದು ಗುರುತಿಸಬೇಕು. ಒಂದನ್ನು ಇನ್ನೊಂದಕ್ಕೆ ಹೋಲಿಸಿ ತೂಗಬೇಕು. ವಿರೋಧವಾದದ್ದನ್ನು ಬಚ್ಚಿಡದೆ ಬಗೆಹರಿಸಬೇಕು. ಕೊನೆಗೆ ತೀರ್ಮಾನವನ್ನು ಕಾರಣಸಹಿತ ಬರೆಯಬೇಕು. ಮೇಲುನೋಟಕ್ಕೆ ಇವು ಬುದ್ಧಿಯ ನಿಯಮಗಳು. ಒಳಹೊಕ್ಕರೆ ನಡತೆಯ ನಿಯಮಗಳು. ತನಗೆ ಹಿತವಾದ ಸಾಕ್ಷಿಯನ್ನಷ್ಟೇ ಕರೆಯಬಾರದೆಂಬುದೇ ಅವುಗಳ ತಿರುಳು.

ಈ ವಿದ್ಯೆ ನಮ್ಮಲ್ಲಿ ಇಲ್ಲದೆ ಇಲ್ಲ. ಹೆಳವರು ಎತ್ತಿನೊಡನೆ ಊರೂರು ಸುತ್ತಿ, ಒಕ್ಕಲು ಮನೆಗಳ ಮುಂದೆ ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವುದು ತಲೆತಲಾಂತರದ ವಾಡಿಕೆ. ಹರಿದ್ವಾರದ ಪಂಡಾಗಳು ತಮ್ಮ ಬಹಿಗಳಲ್ಲಿ ಯಾತ್ರಿಕರ ಮನೆತನಗಳನ್ನು ಬರೆದಿಟ್ಟರು. ಯೂಟಾದ ವಂಶಾವಳಿ ಸಂಘದವರು ಅವುಗಳ ಮೈಕ್ರೋಫಿಲ್ಮ್ ಮಾಡಿಕೊಂಡರು. ನಮ್ಮ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಷಹಜಹಾನ್, ಔರಂಗಜೇಬರ ಕಾಲದ ದಖ್ಖನಿನ ಕಾಗದಗಳಿಂದ ಹಿಡಿದು ನಿಜಾಮರ ಜಹಗೀರು, ಇನಾಮುಗಳ ದಫ್ತರಗಳವರೆಗೆ ಇವೆ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯ ಮನೆತನಗಳ ಹೊಲಮನೆಯ ಹಳೆಯ ಕಾಗದಗಳು ಫಾರ್ಸಿ, ಉರ್ದುವಿನಲ್ಲಿವೆ. ಅಜ್ಜಂದಿರು ಸರಾಗವಾಗಿ ಓದುತ್ತಿದ್ದ ಆ ಲಿಪಿ ಮೊಮ್ಮಕ್ಕಳಿಗೆ ಬಾರದು. ಇನ್ನು ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಹೀಗಾಗಿ ನಮ್ಮ ವಂಶಾವಳಿಯ ಬಹುಭಾಗ ಕಾಗದದಲ್ಲಿಲ್ಲ, ಹಿರಿಯರ ಬಾಯಲ್ಲಿದೆ. ಬಾಯಲ್ಲಿ ಇರುವುದನ್ನು ಉಳಿಸುವುದು ಕಷ್ಟ, ಅಳಿಸುವುದು ಸುಲಭ.

ನಮ್ಮ ಮನೆತನದ್ದೇ ಒಂದು ಉದಾಹರಣೆ ಹೇಳುತ್ತೇವೆ. ಹಿರಿಯರೊಬ್ಬರು ಬರೆದಿಟ್ಟ ಏಳು ತಲೆಮಾರಿನ ಪಟ್ಟಿಯಲ್ಲಿ ಮುತ್ತಜ್ಜನ ತಮ್ಮನ ಹೆಸರಿನ ಮುಂದೆ ‘ನಿಸ್ಸಂತಾನ’ ಎಂದಿದೆ. ಆತನಿಗೆ ಮಕ್ಕಳಿದ್ದ ಸಂಗತಿ ಮನೆಯ ಮುದುಕಿಯರಿಗೆಲ್ಲ ಗೊತ್ತು. ಜಾತಿಯ ಹೊರಗೆ ಸಂಸಾರ ಹೂಡಿದ್ದರಿಂದ ಆ ಮಕ್ಕಳು ಪಟ್ಟಿಗೆ ಬರಲಿಲ್ಲ. ಹೊಸದಾಗಿ ಪಟ್ಟಿ ಬರೆಯುವ ಮಾತು ಬಂದಾಗ, ‘ಇದ್ದ ಹಾಗೇ ಇರಲಿ, ಮದುವೆಗೆ ಬಂದ ಹುಡುಗಿಯರಿದ್ದಾರೆ’ ಎಂದವರುಂಟು. ಅವರ ಅಂಜಿಕೆ ಹುಸಿಯಲ್ಲ. ಸಂಬಂಧ ಬೆಳೆಸುವವರು ಇಂದಿಗೂ ಬೇರನ್ನು ಕೆದಕಿ ನೋಡುತ್ತಾರೆ. ಆದರೆ ಆ ಕೊಂಬೆಯ ಮೊಮ್ಮಕ್ಕಳೂ ಈಗ ಎಲ್ಲೋ ಇರಬೇಕಲ್ಲ? ಅವರೂ ನಮ್ಮಂತೆ ತಮ್ಮ ಹಿರಿಯರನ್ನು ಹುಡುಕುತ್ತ ಬಂದರೆ, ಅವರು ಹುಟ್ಟಲೇ ಇಲ್ಲವೆಂದು ನಮ್ಮ ಕಾಗದ ಹೇಳುತ್ತದೆ.

ಬದುಕಿರುವವರ ನೆಮ್ಮದಿಗೂ ಸತ್ತವರ ಸತ್ಯಕ್ಕೂ ಹೀಗೆ ಜಗಳ ಬಿದ್ದಾಗ ಮಾಡುವುದೇನು? ಜನಗಣತಿಯ ಪದ್ಧತಿ ಇಲ್ಲಿ ಒಂದು ದಾರಿ ತೋರಿಸುತ್ತದೆ. ಅಮೆರಿಕದಲ್ಲಿ ಮನೆಮನೆಯ ಗಣತಿ ವಿವರವನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ತೆರೆಯುತ್ತಾರೆ. 1950ರ ಗಣತಿ ತೆರೆದದ್ದು 2022ರಲ್ಲಿ. ಅಲ್ಲಿ ಗುಟ್ಟು ಉಂಟು, ಆದರೆ ಸುಳ್ಳು ಬರೆದಿಟ್ಟಿಲ್ಲ. ಗುಟ್ಟಿಗೆ ಒಂದು ಅವಧಿ ಇದೆ. ‘ಈಗ ಹೇಳುವುದಿಲ್ಲ’ ಎನ್ನುವುದಕ್ಕೂ ‘ಅಂಥದ್ದು ನಡೆಯಲೇ ಇಲ್ಲ’ ಎನ್ನುವುದಕ್ಕೂ ಬಹಳ ಅಂತರ. ಮೊದಲನೆಯದು ದಾಕ್ಷಿಣ್ಯ, ಎರಡನೆಯದು ಅನ್ಯಾಯ. ಕಚೇರಿಯ ರಿಜಿಸ್ಟರಿನಲ್ಲೂ ಹಳೆಯದನ್ನು ಕೆರೆದು ಅಳಿಸುವಂತಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಸಹಿ ತಾರೀಖು ಹಾಕಬೇಕು. ನಾವೂ ‘ನಿಸ್ಸಂತಾನ’ದ ಮೇಲೆ ಗೆರೆ ಎಳೆದು ‘ಮಕ್ಕಳಿದ್ದರು, ಹೆಸರು ತಿಳಿಯಬೇಕು’ ಎಂದು ಬರೆದಿದ್ದೇವೆ. ಮನೆಯಲ್ಲಿ ಎಲ್ಲರೂ ಇದನ್ನು ಒಪ್ಪಿಲ್ಲ.

ಇದಕ್ಕಿಂತ ದೊಡ್ಡ ಅಳಿಸುವಿಕೆ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಅಂಥ ಪಟ್ಟಿಗಳಲ್ಲಿ ಗಂಡಸರು ಗಂಡಸರನ್ನೇ ಹೆತ್ತಂತೆ ಕಾಣುತ್ತದೆ. ತರ್ಪಣ ಬಿಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜರ ಜೊತೆ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಹೇಳುತ್ತಾರೆ. ಎಳ್ಳುನೀರಿಗೆ ಬೇಕಾದವರು ವಂಶವೃಕ್ಷಕ್ಕೆ ಏಕೆ ಬೇಡವಾದರು? ತುಳುನಾಡಿನ ಅಳಿಯಸಂತಾನದಲ್ಲಿ ವಂಶವನ್ನು ತಾಯಿಯಿಂದಲೇ ಎಣಿಸಿದರು; ಮರ ಅಲ್ಲಿಯೂ ಬೆಳೆಯಿತು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುಂದೆ ಎಂಟು, ಹದಿನಾರು. ಹತ್ತನೆಯ ತಲೆಮಾರಿಗೆ 1024 ಸ್ಥಾನಗಳು. ನಾವು ಅಭಿಮಾನದಿಂದ ಹೇಳಿಕೊಳ್ಳುವ ಮನೆತನ ಇವುಗಳಲ್ಲಿ ಒಂದೇ ಒಂದು. ಮೂವತ್ತನೆಯ ತಲೆಮಾರಿಗೆ ಹೋದರೆ 107 ಕೋಟಿ ಮೀರುತ್ತದೆ. ಆಗ ಭೂಮಿಯ ಮೇಲೆ ಅಷ್ಟು ಜನರೇ ಇರಲಿಲ್ಲ. ಅಂದರೆ ಒಬ್ಬರೇ ಹಲವು ಕೊಂಬೆಗಳಲ್ಲಿ ಬರಲೇಬೇಕು. ಅವರ ಮನೆ ನಮ್ಮ ಮನೆಯೆಂಬ ಗೋಡೆ ಅಷ್ಟು ದೂರ ನಿಲ್ಲಲಾರದು. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಓದಿದವರಿಗೆ ಶ್ರೀನಿವಾಸ ಶ್ರೋತ್ರಿಯರ ನೆನಪಿದ್ದೀತು. ವಂಶವನ್ನೇ ಧರ್ಮವೆಂದು ನಂಬಿದ ಅವರಿಗೆ ಇಳಿವಯಸ್ಸಿನಲ್ಲಿ ತಮ್ಮ ಹುಟ್ಟಿನ ನಿಜ ತಿಳಿಯುತ್ತದೆ. ಆದರೂ ಅವರು ಬಾಳಿದ ಬಾಳು ಅವರದೇ ಆಗಿತ್ತಲ್ಲವೇ?

ಬರುವ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವ ವಾಚಕರು ಒಂದು ವಾರವನ್ನು ಇದಕ್ಕೆಂದೇ ಇಟ್ಟುಕೊಳ್ಳಬಹುದು. ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡಿ. ಮೊದಲು ಮನೆಯ ಹಿರಿಯ ಹೆಂಗಸರನ್ನು ಮಾತನಾಡಿಸಿ. ಅವರಿಗೆ ತವರಿನದೂ ಸೇರಿ ಎರಡು ಮನೆಗಳ ಕಥೆ ಗೊತ್ತಿರುತ್ತದೆ. ಶಾಲೆಯ ದಾಖಲಾತಿ ಪುಸ್ತಕ, ಪಹಣಿ, ಹಳೆಯ ಲಗ್ನಪತ್ರಿಕೆಗಳನ್ನು ನೋಡಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಪಕ್ಕದಲ್ಲಿ ಗುರುತಿಸಿ. ತಿಳಿಯದ ಕಡೆ ಜಾಗ ಖಾಲಿ ಬಿಡಿ. ‘ಆ ಹೆಸರು ಬೇಡ’ ಎಂದು ಯಾರಾದರೂ ದನಿ ತಗ್ಗಿಸಿದರೆ, ಅವರ ಪಕ್ಕದಲ್ಲೇ ಇನ್ನೂ ಸ್ವಲ್ಪ ಹೊತ್ತು ಕುಳಿತಿರಿ.