ಯಾರಿಗೆ ಕಿಡ್ನಿ, ಯಾರು ಹೇಳಬೇಕು?

1962ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಏಳು ಜನರ ಒಂದು ಸಮಿತಿ ಇತ್ತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಅದಕ್ಕೆ ಎರಡು ವರ್ಷ ಮೊದಲು ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ರೋಗಿಯ ತೋಳಿನಲ್ಲೇ ಉಳಿಯುವ ಕೊಳವೆಯೊಂದನ್ನು ರೂಪಿಸಿದ್ದರು. ಕಿಡ್ನಿ ಕೆಟ್ಟವರನ್ನು ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ಬದುಕಿಸುವುದು ಅದರಿಂದ ಸಾಧ್ಯವಾಯಿತು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಯಾರಿಗೆ ಯಂತ್ರ, ಯಾರಿಗೆ ಸಾವು ಎಂಬುದನ್ನು ಈ ಏಳು ಜನ ಕೂತು ತೀರ್ಮಾನಿಸುತ್ತಿದ್ದರು. ಮದುವೆಯಾಗಿದೆಯೇ, ಮಕ್ಕಳೆಷ್ಟು, ಸಂಪಾದನೆಯೆಷ್ಟು, ಓದೆಷ್ಟು, ಚರ್ಚಿಗೆ ಹೋಗುತ್ತಾರೆಯೇ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತಿತ್ತು. ಶಾನಾ ಅಲೆಗ್ಸಾಂಡರ್ ಎಂಬ ಪತ್ರಕರ್ತೆ ಇದನ್ನು 'ಲೈಫ್' ಪತ್ರಿಕೆಯಲ್ಲಿ ಬರೆದಾಗ ದೇಶ ಬೆಚ್ಚಿತು. ಹತ್ತು ವರ್ಷದ ನಂತರ, 1972ರಲ್ಲಿ, ಅಮೆರಿಕದ ಸಂಸತ್ತು ಡಯಾಲಿಸಿಸ್ ಖರ್ಚನ್ನು ಸರ್ಕಾರವೇ ಭರಿಸುವಂತೆ ಕಾನೂನು ಮಾಡಿತು. ಆ ಸಮಿತಿಯ ಅಗತ್ಯ ತಪ್ಪಿತು.

ಯಂತ್ರಗಳನ್ನು ಹೆಚ್ಚಿಸಬಹುದು, ಕಿಡ್ನಿಗಳನ್ನು ಹಾಗೆ ಹೆಚ್ಚಿಸಲಾಗುವುದಿಲ್ಲ. ಅದಕ್ಕೇ ಸಿಯಾಟಲ್ ಸಮಿತಿಯ ಪ್ರಶ್ನೆ ಅಂಗಾಂಗ ಕಸಿ ನಡೆಯುವ ಪ್ರತಿ ಆಸ್ಪತ್ರೆಯಲ್ಲೂ ಇಂದಿಗೂ ಜೀವಂತವಾಗಿದೆ. ಆ ಏಳು ಜನರಿಗೆ ತಾವು ನ್ಯಾಯತೀರ್ಮಾನ ಮಾಡುತ್ತಿದ್ದೇವೆಂದು ಗೊತ್ತಿತ್ತು. ಇಂದಿನ ವೈದ್ಯರು, ದಾದಿಯರು, ಕಸಿ ಸಂಯೋಜಕರು ಅಂಥದೇ ತೀರ್ಮಾನವನ್ನು ವೈದ್ಯಕೀಯ ತೀರ್ಮಾನವೆಂದು ನಂಬಿ ಮಾಡುತ್ತಾರೆ. ಅವರಿಗೆ ಕೊಡಬೇಕಾದ ನೈತಿಕ ತರಬೇತಿಯ ಮೊದಲ ಪಾಠ ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಾಂಗ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಕಾಯುವವರ ಪಟ್ಟಿಯಿದೆ, ಹಂಚಿಕೆಗೆ ನಿಯಮಗಳಿವೆ. 2023ರಲ್ಲಿ ಕೇಂದ್ರ ಸರ್ಕಾರ ಹೆಸರು ನೋಂದಾಯಿಸಲು ಇದ್ದ 65 ವರ್ಷದ ಮಿತಿಯನ್ನು ತೆಗೆಯಿತು, ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತನ್ನೂ ಬಿಡುವಂತೆ ಹೇಳಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಅನ್ಯಾಯ ನಡೆಯುವುದಿದ್ದರೆ ಬಹುಪಾಲು ಪಟ್ಟಿಗೆ ಹೆಸರು ಸೇರುವ ಮೊದಲೇ ನಡೆದುಹೋಗಿರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುವ ಕೂಲಿಯವನಿಗೆ ಕಸಿ ಎಂಬ ದಾರಿಯೊಂದಿದೆ ಎಂದು ಯಾರಾದರೂ ಹೇಳಿರುತ್ತಾರೆಯೇ? ಹೇಳದಿರಲು ಕಾರಣಗಳು ಸಿದ್ಧವಾಗಿರುತ್ತವೆ. 'ಕಸಿ ಆದ ಮೇಲೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಇವರ ಕೈಲಿ ಆಗಲ್ಲ.' 'ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲ.' 'ಕಸಿಯ ಖರ್ಚಿಗೆ ಬಿಪಿಎಲ್ ಯೋಜನೆ ಇದೆ ನಿಜ, ಆದರೆ ಇವರಿಗೆಲ್ಲ ಅರ್ಥ ಆಗಲ್ಲ.'

ಇವುಗಳಲ್ಲಿ ಒಂದಿಷ್ಟು ವೈದ್ಯಕೀಯ ಸತ್ಯ ಇದೆ. ಮಾತ್ರೆ ತಪ್ಪಿಸಿದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುತ್ತದೆ, ಸಿಕ್ಕ ಅಂಗವೊಂದು ಹಾಳಾಗುತ್ತದೆ. ಆದರೆ ಈ ಮನುಷ್ಯ ಮಾತ್ರೆ ತಪ್ಪಿಸುತ್ತಾನೆ ಎಂದು ಗೊತ್ತಾದದ್ದು ಹೇಗೆ? ಅವನು ಡಯಾಲಿಸಿಸ್‌ಗೆ ತಪ್ಪದೆ ಬರುತ್ತಿದ್ದಾನೆಯೇ ಎಂದು ನೋಡಿದಿರೋ, ಅವನ ಅಂಗಿ ನೋಡಿದಿರೋ? ಬಸ್ಸಿಗೆ ಕಾಸಿಲ್ಲದೆ ಒಂದು ದಿನ ತಪ್ಪಿಸಿದ್ದರೆ ಅದು ಅವನ ಸ್ವಭಾವವೋ ಪರಿಸ್ಥಿತಿಯೋ? ಸ್ವಭಾವವಾದರೆ ಅವನಿಗೆ ಬುದ್ಧಿ ಹೇಳಬೇಕು, ಪರಿಸ್ಥಿತಿಯಾದರೆ ನಾವು ಬಸ್ ಪಾಸ್ ಕೊಡಿಸಬೇಕು. 'ಶಿಸ್ತಿಲ್ಲ' ಎಂದು ಕೇಸ್ ಶೀಟಿನಲ್ಲಿ ಬರೆದ ಒಂದು ಪದ ಎರಡನ್ನೂ ನುಂಗಿಹಾಕುತ್ತದೆ. ಚರ್ಚಿಗೆ ಹೋಗುತ್ತೀಯಾ ಎಂದು ಕೇಳಿದ ಸಿಯಾಟಲ್‌ನವರಿಗೂ ನಮಗೂ ಇರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಕಾನೂನು ಇದೆಯಲ್ಲ, ಬೇರೆ ತರಬೇತಿ ಯಾಕೆ ಎಂದು ಕೇಳುವವರಿದ್ದಾರೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಹಳ ಯೋಚಿಸಿ ಬರೆದ ಕಾನೂನು. ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಬಡವರ ಕಿಡ್ನಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಅದು ಬಂತು. ಹತ್ತಿರದ ಸಂಬಂಧಿಕರಲ್ಲದವರು ಅಂಗ ಕೊಡಬೇಕಾದರೆ ಅನುಮತಿ ಸಮಿತಿಯ ಒಪ್ಪಿಗೆ ಬೇಕು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಹತ್ತಿರದವರ ಸಾಲಿಗೆ ಸೇರಿಸಿತು, ಆಸ್ಪತ್ರೆಗಳಲ್ಲಿ ಕಸಿ ಸಂಯೋಜಕರು ಇರಲೇಬೇಕೆಂದಿತು. ಕಾನೂನಿನ ಕಣ್ಣು ಹೆಚ್ಚಾಗಿ ಹೊರಗಿನವರ ಮೇಲಿದೆ. ಮನೆಯೊಳಗಿನ ಒತ್ತಾಯ ಅದಕ್ಕೆ ಅಷ್ಟಾಗಿ ಕಾಣುವುದಿಲ್ಲ.

1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ 36,000ಕ್ಕೂ ಹೆಚ್ಚು ಕಸಿಗಳಲ್ಲಿ ಅಂಗ ಪಡೆದ ಹೆಂಗಸರ ಸಂಖ್ಯೆ 7,000ವನ್ನೂ ಮುಟ್ಟುವುದಿಲ್ಲ. ಬದುಕಿರುವಾಗಲೇ ಕೊಟ್ಟವರಲ್ಲಿ ಮಾತ್ರ ಹೆಂಗಸರೇ ಹೆಚ್ಚು: ಹೆಂಡತಿ, ತಾಯಿ, ಅಕ್ಕತಂಗಿ. ಪ್ರೀತಿಯಿಂದ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ, ಅವರ ಪ್ರೀತಿಯನ್ನು ಅನುಮಾನಿಸುವುದು ಅವಮಾನ. ಆದರೆ ಇಷ್ಟು ದೊಡ್ಡ ಅಂತರ ಬರೀ ಪ್ರೀತಿಯಿಂದ ಹುಟ್ಟುವುದಿಲ್ಲ.

ಅಣ್ಣನಿಗೆ ಕಿಡ್ನಿ ಕೊಡಲು ಬಂದ ತಂಗಿಯೊಬ್ಬಳನ್ನು ಊಹಿಸಿಕೊಳ್ಳಿ. ಎಲ್ಲರೆದುರು ಅವಳು ನಗುತ್ತಲೇ ಹೂಂ ಎಂದಿದ್ದಾಳೆ. ಸಂಯೋಜಕಿ ಅವಳೊಬ್ಬಳನ್ನೇ ಕೂರಿಸಿಕೊಂಡು, 'ನೋಡಮ್ಮ, ಇಲ್ಲಿ ಯಾರೂ ಇಲ್ಲ. ನಿನಗೆ ನಿಜವಾಗ್ಲೂ ಕೊಡೋಕೆ ಮನಸ್ಸಿದೆಯಾ?' ಎಂದು ಕೇಳುತ್ತಾಳೆ. ಅವಳು ಬಹಳ ಹೊತ್ತಾದ ಮೇಲೆ, 'ಇಲ್ಲ ಮೇಡಂ. ಆದ್ರೆ ಇಲ್ಲ ಅಂದ್ರೆ ಮನೆ ಬಾಗಿಲು ಮುಚ್ಚತ್ತೆ' ಎನ್ನುತ್ತಾಳೆ. ಈಗ ತಂಡ ಏನು ಮಾಡಬೇಕು?

ಜಗತ್ತಿನ ಅನೇಕ ಕಡೆ ವೈದ್ಯರು ಇಂಥಲ್ಲಿ ಒಂದು ನೆಪ ಹೇಳುತ್ತಾರೆ: 'ಇವರ ಕಿಡ್ನಿ ಹೊಂದುವುದಿಲ್ಲ.' ಹೆಣ್ಣುಮಗಳು ಪಾರಾದಳು, ಯಾರಿಗೂ ನೋವಾಗಲಿಲ್ಲ ಎನ್ನಬಹುದು. ನನಗೆ ಇದು ಸಾಲದು. ಸುಳ್ಳು ಸುಳ್ಳೇ ಎಂಬುದು ಒಂದು ಕಾರಣ, ಅದಕ್ಕಿಂತ ಮುಖ್ಯ ಕಾರಣ ಅದರ ಪರಿಣಾಮ. 'ಅವಳ ಕಿಡ್ನಿಯಲ್ಲೂ ಏನೋ ತೊಂದರೆಯಂತೆ' ಎಂಬ ಮಾತು ಊರಿಗೆ ಹರಡಿದರೆ ಅವಳ ಮದುವೆಗೆ ಅಡ್ಡಿಯಾಗುತ್ತದೆ. ಅಣ್ಣ ಮುಂದೊಂದು ದಿನ ವರದಿ ಓದಿಸಿದರೆ ಆಸ್ಪತ್ರೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಹಾಗೆಂದು ನಿಜ ಹೇಳಿ ಅವಳನ್ನು ಮನೆಯವರ ಕೈಗೆ ಒಪ್ಪಿಸುವುದು ಇನ್ನೂ ದೊಡ್ಡ ತಪ್ಪು.

ಸುಳ್ಳಿಗೂ ದ್ರೋಹಕ್ಕೂ ನಡುವೆ ದಾರಿಯಿದೆ, ಆದರೆ ಅದನ್ನು ಮೊದಲೇ ಕಟ್ಟಿರಬೇಕು. ಮೊದಲ ದಿನವೇ ಇಡೀ ಕುಟುಂಬಕ್ಕೆ ಹೀಗೆ ಹೇಳಬೇಕು: ದಾನಿಯನ್ನು ಒಪ್ಪುವುದೂ ಬಿಡುವುದೂ ತಂಡದ ತೀರ್ಮಾನ, ಅದರ ಕಾರಣವನ್ನು ದಾನಿಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ, ಈ ನಿಯಮ ಎಲ್ಲರಿಗೂ ಒಂದೇ. ಆಗ ಗುಟ್ಟು ಒಬ್ಬಳಿಗಾಗಿ ಹೆಣೆದ ಸುಳ್ಳಾಗದೆ ಎಲ್ಲರಿಗೂ ಅನ್ವಯಿಸುವ ಪದ್ಧತಿಯಾಗುತ್ತದೆ. ಇದು ಆ ಹೊತ್ತಿಗೆ ಒಬ್ಬರ ಒಳ್ಳೆಯತನದಿಂದ ಹೊಳೆಯುವ ವಿಷಯವಲ್ಲ. ನೈತಿಕತೆ ಹುಟ್ಟಿನಿಂದ, ಮನೆತನದಿಂದ ಬರಬೇಕು, ಕಲಿಸಿದರೆ ಬರುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇದೇ. ಈ ಪದ್ಧತಿಯನ್ನು ಕಲಿಯದಿದ್ದರೆ ಅದೇ ಸಂಯೋಜಕಿ ಅತ್ಯಂತ ಒಳ್ಳೆಯ ಮನಸ್ಸಿನಿಂದಲೇ ಆ ಸುಳ್ಳು ಹೇಳಿರುತ್ತಾಳೆ.

ಇದಕ್ಕಿಂತ ಕಠಿಣ ಪ್ರಶ್ನೆ ಐಸಿಯುವಿನಲ್ಲಿದೆ. ಅಪಘಾತದಲ್ಲಿ ಒಬ್ಬನ ತಲೆಗೆ ಪೆಟ್ಟು ಬಿದ್ದು ಮಿದುಳು ಕಾಂಡ ಸತ್ತಿದೆ, ವೆಂಟಿಲೇಟರ್‌ನಿಂದ ಉಸಿರು, ಎದೆ ಬಡಿತ ನಡೆದಿದೆ. ನಾಲ್ವರು ವೈದ್ಯರ ಮಂಡಳಿ ಪರೀಕ್ಷಿಸಬೇಕು, ಕಸಿ ಮಾಡುವವರು ಅದರಲ್ಲಿರುವಂತಿಲ್ಲ, ಕನಿಷ್ಠ ಆರು ಗಂಟೆ ಬಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಬೇಕು. ಇಲ್ಲಿಯವರೆಗೆ ಕಾನೂನು ಸ್ಪಷ್ಟ. ಮನೆಯವರು ದಾನಕ್ಕೆ ಒಪ್ಪಿದರೆ ಆತ ಮೃತ. ಒಪ್ಪದಿದ್ದರೆ? ಮಿದುಳಿನ ಸಾವನ್ನು ಹೆಸರಿಸಿ ವಿವರಿಸುವುದು ಕಸಿ ಕಾಯ್ದೆಯೇ. 1969ರ ಜನನ ಮರಣ ನೋಂದಣಿ ಕಾಯ್ದೆ ಜೀವದ ಎಲ್ಲ ಕುರುಹೂ ಶಾಶ್ವತವಾಗಿ ಮರೆಯಾಗುವುದನ್ನು ಸಾವು ಎನ್ನುತ್ತದೆ. ಹೀಗಾಗಿ ಬೇಡ ಎಂದ ಮನೆಯವರ ರೋಗಿಗೆ ಎಷ್ಟೋ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಮುಂದುವರಿಯುತ್ತದೆ, ಬಿಲ್ಲೂ ಮುಂದುವರಿಯುತ್ತದೆ.

ಒಂದೇ ದೇಹ ಸಹಿ ಬಿದ್ದರೆ ಹೆಣ, ಬೀಳದಿದ್ದರೆ ರೋಗಿ ಆಗಲು ಸಾಧ್ಯವಿಲ್ಲ. ಸಾವು ಸಾವಾದರೆ ದಾನದ ಮಾತು ಬರಲಿ ಬಿಡಲಿ ಅದು ಸಾವೇ. ಅಂಗಾಂಗದ ಅಗತ್ಯ ಬಂದಾಗ ಮಾತ್ರ ಸಾವನ್ನು ಘೋಷಿಸಿದರೆ, ಅಂಗಕ್ಕಾಗಿ ಸತ್ತರೆಂದು ಹೇಳುತ್ತಿದ್ದಾರೆ ಎಂಬ ಜನರ ಸಂಶಯಕ್ಕೆ ನಾವೇ ಆಧಾರ ಕೊಟ್ಟಂತೆ. ದಾನವಿರಲಿ ಇಲ್ಲದಿರಲಿ ಮಿದುಳು ಸಾವನ್ನು ಹೇಗೆ ದೃಢಪಡಿಸಬೇಕೆಂದು ಕೇರಳ 2020ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಉಳಿದ ರಾಜ್ಯಗಳೂ ಆ ದಾರಿ ಹಿಡಿಯಬೇಕು. ಅಲ್ಲಿಯತನಕ ಐಸಿಯು ವೈದ್ಯರು ಕನಿಷ್ಠ ಒಂದನ್ನು ಪಾಲಿಸಬಹುದು: ಸಾವಿನ ಸುದ್ದಿ ಹೇಳುವ ಹೊತ್ತು ಬೇರೆ, ದಾನ ಕೇಳುವ ಹೊತ್ತು ಬೇರೆ. 2021ರಲ್ಲಿ ನಟ ಸಂಚಾರಿ ವಿಜಯ್ ತೀರಿಕೊಂಡಾಗ ಅವರ ಮನೆಯವರು ದಾನಕ್ಕೆ ಒಪ್ಪಿದ್ದನ್ನು ಕನ್ನಡಿಗರೆಲ್ಲ ಮೆಚ್ಚಿದೆವು. ಆ ಮೆಚ್ಚುಗೆಗೆ ನಾವು ಅರ್ಹರಾಗಬೇಕಾದರೆ ಬೇಡ ಎಂದ ಮನೆಯವರನ್ನೂ ಅಷ್ಟೇ ಗೌರವದಿಂದ ಕಾಣಬೇಕು.

ವೈದ್ಯಕೀಯ ವಿದ್ಯಾರ್ಥಿಗಳಿಗೆ 2019ರಿಂದ ನಡವಳಿಕೆ, ನೀತಿ, ಸಂವಹನದ ಪಾಠ ಕಡ್ಡಾಯವಾಗಿದೆ. ಶವವೇ ಮೊದಲ ಗುರು ಎಂಬ ಪಾಠವೂ ಅದರಲ್ಲಿದೆ. ಒಳ್ಳೆಯದು. ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ ಕೇಳಿದ ಪಾಠ ನಲವತ್ತರ ಶಸ್ತ್ರವೈದ್ಯರ ಕೆಲಸಕ್ಕೆ ಸಾಲದು. ಕಸಿ ತಂಡ ತಿಂಗಳಿಗೊಮ್ಮೆ ತನ್ನದೇ ಕೇಸುಗಳನ್ನು ಮುಂದಿಟ್ಟುಕೊಂಡು ಕೂರಬೇಕು, ತಿರಸ್ಕರಿಸಿದ ಹೆಸರುಗಳನ್ನಂತೂ ನೋಡಲೇಬೇಕು. ಡಯಾಲಿಸಿಸ್ ದಾದಿ, ಸಂಯೋಜಕಿ, ಸಮಾಜ ಕಾರ್ಯಕರ್ತರು ಆ ಮೇಜಿನಲ್ಲಿ ಇರಬೇಕು. ರೋಗಿ ಮನಸ್ಸು ಬಿಚ್ಚಿ ಮಾತಾಡುವುದು ಅವರ ಹತ್ತಿರವೇ. ಹಿರಿಯ ಡಾಕ್ಟರ ಎದುರು 'ಸರ್, ಇದು ನ್ಯಾಯ ಅಲ್ಲ' ಎಂದ ದಾದಿಗೆ ಮಾರನೆಯ ದಿನ ತೊಂದರೆಯಾಗಬಾರದು. ಅಷ್ಟಿಲ್ಲದಿದ್ದರೆ ತರಬೇತಿಯ ಪ್ರಮಾಣಪತ್ರ ಗೋಡೆಗೆ ಮಾತ್ರ.

ಕಸಿ ನಡೆಸುವ ಆಸ್ಪತ್ರೆಗಳು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸಾ ಕೋಣೆ, ಉಪಕರಣ, ತಜ್ಞರ ಸಂಖ್ಯೆ ಎಲ್ಲವನ್ನೂ ಆಗ ನೋಡಲಾಗುತ್ತದೆ. ಮೇಲೆ ಹೇಳಿದ ಮಾಸಿಕ ಸಭೆಗಳು ನಡೆದ ದಾಖಲೆಯನ್ನೂ ಅದರೊಟ್ಟಿಗೆ ಕೇಳಬೇಕೆಂದು ನಮ್ಮ ಆರೋಗ್ಯ ಇಲಾಖೆಯನ್ನು ಒತ್ತಾಯಿಸುತ್ತೇನೆ.