ಪಾಳುಬಿದ್ದ ಸಭೆಗಳ ಯಾತ್ರೆ



ಕರ್ತನು ಯೋಹಾನನ ಮೂಲಕ ಪತ್ರಗಳನ್ನು ಬರೆಯಿಸಿದ ಆಸ್ಯಸೀಮೆಯ ಏಳು ಸಭೆಗಳ ಊರುಗಳು ಈಗ ತುರ್ಕಿದೇಶದಲ್ಲಿ ಇರುತ್ತವೆ. ಅಲ್ಲಿಗೆ ಯಾತ್ರಿಕರನ್ನು ಕರೆದುಕೊಂಡು ಹೋಗುವವರು ನಮ್ಮ ದೇಶದಲ್ಲಿಯೂ ಉಂಟು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಸಹೋದರನೊಬ್ಬನು ಕಬ್ಬಿನ ಹಣವನ್ನು ಕೂಡಿಟ್ಟು ಅಲ್ಲಿಗೆ ಹೊರಡುವದಾದರೆ ಅದು ಯುಕ್ತವೋ? ತೀರ್ಥಯಾತ್ರೆಗಳನ್ನು ಬಿಟ್ಟುಬಂದ ನಾವು ಮತ್ತೊಂದು ತೀರ್ಥವನ್ನು ಹುಡುಕಬಹುದೋ?

ಇದಕ್ಕೆ ಉತ್ತರ ಕೊಡುವದು ಕಷ್ಟವಲ್ಲ. ಆ ಬೆಟ್ಟವೂ ಬೇಡ, ಯೆರೂಸಲೇಮೂ ಬೇಡವೆಂಬದನ್ನು ಸಮಾರ್ಯದ ಸ್ತ್ರೀಯು ಬಾವಿಯ ಬಳಿಯಲ್ಲಿಯೇ ಕಲಿತಳು. ಕಲ್ಲಿನಲ್ಲಿ ಪುಣ್ಯವಿಲ್ಲ. ಸಾಲಮಾಡದೆ ಹೋಗಿ ನೋಡಿಬರುವವನಿಗೆ ದೋಷವೂ ಇಲ್ಲ. ಆದರೆ ಆ ಪಾಳನ್ನು ನೋಡಿ ಏನನ್ನು ಕಲಿತು ಬರುವನೆಂಬದೇ ನಮಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಎಫೆಸವನ್ನು ತೆಗೆದುಕೊಳ್ಳಿರಿ. ಪೌಲನ ವಿರೋಧವಾಗಿ ಜನರು ಎರಡು ತಾಸು ಕೂಗಿದ ಆ ನಾಟಕಶಾಲೆಯು ಇಂದಿಗೂ ಇದೆ; ಅದರಲ್ಲಿ ಸುಮಾರು ೨೫,೦೦೦ ಮಂದಿ ಕೂತುಕೊಳ್ಳಬಹುದಾಗಿತ್ತು. ಲೋಕವೆಲ್ಲಾ ಹೊಗಳಿದ ಅರ್ತೆಮೀದೇವಿಯ ಗುಡಿಯಾದರೋ ಕೆಸರಿನಡಿಯಲ್ಲಿ ಹೂತುಹೋಗಿ, ೧೮೬೯ರಲ್ಲಿ ವುಡ್ ಎಂಬ ಆಂಗ್ಲೇಯನು ಅಗೆದು ಕಂಡುಹಿಡಿಯುವ ತನಕ ಅದರ ಸ್ಥಳವೇ ತಿಳಿದಿರಲಿಲ್ಲ; ಈಗ ಅಲ್ಲಿ ನಿಂತಿರುವದು ಚೂರುಗಳನ್ನು ಜೋಡಿಸಿದ ಒಂದೇ ಕಂಬ. ನದಿಯು ತಂದ ಮಣ್ಣು ರೇವನ್ನು ತುಂಬಿಬಿಟ್ಟಿತು, ಸಮುದ್ರವು ಹರದಾರಿ ದೂರಕ್ಕೆ ಸರಿಯಿತು, ವ್ಯಾಪಾರ ನಿಂತಿತು, ಜನರು ಹೋದರು.

ಮಳವಳ್ಳಿಯಿಂದ ಬಹು ದೂರವಲ್ಲದ ತಲಕಾಡಿನಲ್ಲಿ ಮರಳು ಗುಡಿಗಳನ್ನು ಮುಚ್ಚಿರುವದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಅದು ಅಲಮೇಲಮ್ಮನ ಶಾಪವೆಂದು ಜನರು ಹೇಳುವಾಗ ನಾವು ನಗುತ್ತೇವೆ. ಎಫೆಸದ ಮಾತು ಬಂದರೆ ನಾವೂ ಅದೇ ವಿಧವಾಗಿ ಮಾತಾಡುತ್ತೇವಲ್ಲಾ! ಮೊದಲಿನ ಪ್ರೀತಿಯನ್ನು ಬಿಟ್ಟರು, ದೀಪಸ್ತಂಭ ಹೋಯಿತು, ತೀರಿತು.

ಹಾಗಾದರೆ ಸ್ಮುರ್ನದ ಸಂಗತಿಯೇನು? ಆ ಏಳರಲ್ಲಿ ಸ್ಮುರ್ನಕ್ಕೂ ಫಿಲದೆಲ್ಫಿಯಕ್ಕೂ ಕರ್ತನು ಗದರಿಕೆಯ ಮಾತೊಂದನ್ನೂ ಹೇಳಲಿಲ್ಲ. ವೃದ್ಧನಾದ ಪೊಲಿಕಾರ್ಪನು ರಕ್ತಸಾಕ್ಷಿಯಾಗಿ ಸತ್ತದ್ದು ಸ್ಮುರ್ನದಲ್ಲಿಯೇ. ಆದಾಗ್ಯೂ ೧೯೨೨ರ ಸೆಪ್ಟೆಂಬರದಲ್ಲಿ ಆ ಪಟ್ಟಣವು ಬೆಂಕಿಗೆ ತುತ್ತಾಯಿತು. ೧೯೨೩ರ ಒಪ್ಪಂದದ ಮೇರೆಗೆ ಗ್ರೀಕ ಕ್ರೈಸ್ತರು ತುರ್ಕಿಯನ್ನು ಬಿಡಬೇಕಾಯಿತು, ಫಿಲದೆಲ್ಫಿಯವೂ ಬರಿದಾಯಿತು. ಇವರು ಲವೊದಿಕೀಯದವರಿಗಿಂತ ಪಾಪಿಗಳಾಗಿದ್ದರೋ? ಸಿಲೊವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯದಲ್ಲಿ ಕರ್ತನು ಇಂಥ ಎಣಿಕೆಯನ್ನು ಸ್ಪಷ್ಟವಾಗಿ ತಳ್ಳಿಬಿಟ್ಟನು. ಎಫೆಸಕ್ಕೆ ಕೊಟ್ಟ ಎಚ್ಚರಿಕೆಯು ಸುಳ್ಳಲ್ಲ. ಆದರೆ ಅದು ಕೇಳುವ ಕಿವಿಯುಳ್ಳ ಬದುಕಿದ್ದವರಿಗೆ ಹೇಳಿದ್ದೇ ಹೊರತು, ತರುವಾಯ ಬಂದವರು ಸತ್ತವರ ಮೇಲೆ ತೀರ್ಪು ಮಾಡಲಿಕ್ಕೆ ಕೊಟ್ಟ ಅಧಿಕಾರಪತ್ರವಲ್ಲ.

ಇದನ್ನು ಇಷ್ಟು ಒತ್ತಿ ಹೇಳುವದಕ್ಕೆ ಕಾರಣ ಉಂಟು. ಯೌವನಸ್ಥರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ, ಹಳ್ಳಿಯಲ್ಲಿ ಎರಡು ಮೂರು ಮನೆಗಳವರು ಮಾತ್ರ ಉಳಿದು, ಪ್ರಾರ್ಥನಾಮಂದಿರದ ಹೆಂಚು ಒಡೆದು ಸೋರುವಾಗ, ಅವರ ದೇವರು ಅವರನ್ನು ಕೈಬಿಟ್ಟನೆಂದು ನೆರೆಯವರು ಅನ್ನುವರು. ಅದನ್ನು ತಾಳಬಹುದು. ನಿಮ್ಮ ಅಲ್ಪವಿಶ್ವಾಸವೇ ಕಾರಣವೆಂದು ನಮ್ಮ ಹಿರಿಯರೇ ಬಂದು ಆ ವಿಧವೆಗೂ ಆ ಮುದುಕನಿಗೂ ಹೇಳುವದು ಕ್ರೂರತನವೆಂದು ನಾವು ಎಣಿಸುತ್ತೇವೆ. ಬಾಗಿಲು ತೆರೆದು ಕಸ ಗುಡಿಸುತ್ತಿರುವವರು ಅವರೇ ಅಲ್ಲವೇ?

ಕಟ್ಟೆ ಕಟ್ಟಿದಾಗ ಹಳೇ ಕನ್ನಂಬಾಡಿಯು ನೀರಿನಲ್ಲಿ ಮುಳುಗಿತು. ಒಕ್ಕಲುಗಳು ಹೊಸ ಕನ್ನಂಬಾಡಿಯಲ್ಲಿ ಒಲೆ ಹೊತ್ತಿಸಿದರು. ಅದೇ ಪ್ರಕಾರ ಓಡಿಹೋದ ಗ್ರೀಕರು ಅಥೇನೆಯ ಹತ್ತಿರ ನೆಲೆಸಿದ ಊರುಗಳಿಗೆ ಹೊಸ ಸ್ಮುರ್ನ, ಹೊಸ ಫಿಲದೆಲ್ಫಿಯ ಎಂದೇ ಅರ್ಥವಾಗುವ ಹೆಸರುಗಳಿವೆ. ಹಳೆಯ ಸ್ಮುರ್ನವಾದ ಇಜ್ಮೀರಿನಲ್ಲಿಯೂ ಪೊಲಿಕಾರ್ಪನ ಹೆಸರಿನ ದೇವಾಲಯವೊಂದಿದೆ. ಅದು ರೋಮಾ ಸಭೆಯವರದು. ಆದರೇನು, ಅಲ್ಲಿ ಆರಾಧನೆ ನಡೆಯುತ್ತದೆ. ಯಾತ್ರೆಗೆ ಹೋಗುವ ಸಹೋದರನು ಕಂಬಗಳನ್ನು ನೋಡಿ ಬಸ್ಸು ಹತ್ತುವ ಅವಸರದಲ್ಲಿ ಅದನ್ನು ಬಿಟ್ಟುಬರಬಾರದು.